ಕೋಳಿ ಫೀಡಿನಲ್ಲಿ ಬೆರೆತ ಔಷಧಿ

(ದಾವಣಗೆರೆ ಜಿಲ್ಲೆಯ ಕಾಲೇಜೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಕೆಲವು ವಿವರಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಹರಿಹರ ದಾಟಿದ ಮೇಲೆ ಇಲ್ಲಿಯವರೆಗೂ ರಸ್ತೆಯ ಎರಡೂ ಬದಿಗೆ ಮೆಕ್ಕೆಜೋಳವನ್ನೇ ನೋಡುತ್ತ ಬಂದೆ. ಹತ್ತಿ ಗಿರಣಿಗಳಿಂದಾಗಿ ಒಂದು ಕಾಲಕ್ಕೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡಿದ್ದ ಸೀಮೆಯಿದು. ಗಿರಣಿಗಳು ಮುಚ್ಚಿದವು, ಹತ್ತಿಯೂ ಬಿಳಿಜೋಳವೂ ಇದ್ದ ಹೊಲಗಳಲ್ಲಿ ಮೆಕ್ಕೆಜೋಳ ಬಂದು ನಿಂತಿತು. ಆದರೆ ಇದನ್ನು ಬೆಳೆಯುವ ಮನೆಗಳಲ್ಲಿ ಇದರ ರೊಟ್ಟಿ ತಟ್ಟುವವರು ವಿರಳ. ಇಲ್ಲಿನ ಮಾರುಕಟ್ಟೆಯಲ್ಲಿ ಲಾರಿ ಏರುವ ಈ ಕಾಳಿನ ದೊಡ್ಡ ಪಾಲು ಫೀಡ್ ಮಿಲ್ಲಿಗೆ ಹೋಗಿ, ಅಲ್ಲಿಂದ ಕೋಳಿಯ ಹೊಟ್ಟೆ ಸೇರಿ, ಕೊನೆಗೆ ಕೋಳಿಯ ರೂಪದಲ್ಲಿ ನಮ್ಮ ತಟ್ಟೆಗೆ ಮರಳುತ್ತದೆ. ಕೈಗಾರಿಕೆಯ ಮಾದರಿಯಲ್ಲಿ ಆಹಾರ ಉತ್ಪಾದಿಸುವುದರಿಂದ ಜನರ ಆರೋಗ್ಯಕ್ಕೂ ಪರಿಸರಕ್ಕೂ ಏನಾಗುತ್ತಿದೆ ಎಂಬುದರ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದ್ದಾರೆ. ಒಂದು ಗಂಟೆಯಲ್ಲಿ ಅಷ್ಟನ್ನೂ ಮುಟ್ಟಲು ಹೋದರೆ ಯಾವುದನ್ನೂ ಹೇಳಿದಂತಾಗುವುದಿಲ್ಲ. ಆದ್ದರಿಂದ ಒಂದು ಹಕ್ಕಿಯನ್ನು, ಆ ಹಕ್ಕಿಗೆ ಕೊಡುವ ಒಂದು ಬಗೆಯ ಔಷಧಿಯನ್ನು ಮಾತ್ರ ಹಿಡಿದು ಹೊರಡುತ್ತೇನೆ: ಬ್ರಾಯ್ಲರ್ ಕೋಳಿ ಮತ್ತು ಆ್ಯಂಟಿಬಯೋಟಿಕ್.

ಮೊದಲೇ ಒಂದು ಮಾತು ಸ್ಪಷ್ಟಪಡಿಸಬೇಕು. ಕೋಳಿ ತಿನ್ನಬೇಡಿ ಎಂದು ಹೇಳಲು ನಾನು ಬಂದಿಲ್ಲ, ನಾನೂ ತಿನ್ನುವವನೇ. ನನ್ನ ಬಾಲ್ಯದಲ್ಲಿ ಕೋಳಿ ಸಾರು ಎಂದರೆ ಹಬ್ಬ, ಇಲ್ಲವೆ ಬಾಣಂತನ, ಇಲ್ಲವೆ ನೆಂಟರು. ಇಂದು ಕೂಲಿ ಮಾಡುವವರ ಮನೆಯಲ್ಲಿಯೂ ಭಾನುವಾರ ಅರ್ಧ ಕಿಲೋ ಕೋಳಿ ಬೇಯುತ್ತದೆ, ಸರ್ಕಾರಿ ಶಾಲೆಯ ಮಗುವಿನ ತಟ್ಟೆಗೆ ಮೊಟ್ಟೆ ಬೀಳುತ್ತದೆ ಎಂದರೆ, ಅದು ಈ ಕೈಗಾರಿಕೆಯಿಂದಲೇ ಸಾಧ್ಯವಾದದ್ದು. ಅದನ್ನು ಮರೆತು ಆಡುವ ಮಾತು ಹೊಟ್ಟೆ ತುಂಬಿದವರ ಮಾತಾಗುತ್ತದೆ. ನನ್ನ ತಕರಾರು ಕೋಳಿ ಅಗ್ಗವಾದುದರ ಬಗ್ಗೆ ಅಲ್ಲ, ಅಂಗಡಿಯ ಹಲಗೆಯ ಮೇಲೆ ಬರೆದಿರುವ ದರದಲ್ಲಿ ಸೇರದೆ ಉಳಿದ ಒಂದು ಖರ್ಚಿನ ಬಗ್ಗೆ.

ಈ ಕೋಳಿ ಎಂಥದು ಎಂಬುದನ್ನು ಸ್ವಲ್ಪ ನೋಡೋಣ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ, 1978ರ ಮತ್ತು 2005ರ ಕೋಳಿ ತಳಿಗಳನ್ನು ಒಂದೇ ಬಗೆಯ ಆಹಾರ ಕೊಟ್ಟು ಜೊತೆಜೊತೆಗೆ ಬೆಳೆಸಿ ತೂಗಿದರು; 2014ರಲ್ಲಿ ಫಲಿತಾಂಶ ಪ್ರಕಟವಾಯಿತು. 56 ದಿನ ತುಂಬಿದಾಗ ಮೊದಲನೆಯದು 905 ಗ್ರಾಂ, ಎರಡನೆಯದು 1,808 ಗ್ರಾಂ, ಮೂರನೆಯದು 4,202 ಗ್ರಾಂ ತೂಗಿದವು. ಆಹಾರ ಒಂದೇ ಆಗಿದ್ದುದರಿಂದ ವ್ಯತ್ಯಾಸವೆಲ್ಲ ತಳಿಯದು. ‘ಫಾರಂ ಕೋಳಿಗೆ ಹಾರ್ಮೋನ್ ಚುಚ್ಚುತ್ತಾರೆ’ ಎಂದು ನಮ್ಮಲ್ಲಿ ಓದಿದವರೂ ನಂಬುತ್ತಾರೆ. ಅದಕ್ಕೆ ಆಧಾರವಿಲ್ಲ. ಸಾವಿರಾರು ಮರಿಗಳಿಗೆ ದಿನವೂ ಸೂಜಿ ಚುಚ್ಚುತ್ತ ಕೂರಲು ಯಾರಿಗೂ ಸಾಧ್ಯವಿಲ್ಲ, ತಳಿಯೇ ಇಷ್ಟು ಬೆಳೆಯುವಾಗ ಅದರ ಅಗತ್ಯವೂ ಇಲ್ಲ. ಇಲ್ಲದ ಹಾರ್ಮೋನಿಗೆ ಹೆದರುವ ನಾವು ಇರುವ ಆ್ಯಂಟಿಬಯೋಟಿಕ್ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ ಎಂಬುದು ನನಗೆ ಎಂದಿಗೂ ವಿಚಿತ್ರವಾಗಿ ಕಂಡಿದೆ.

ನಮ್ಮ ಶೆಡ್ಡುಗಳಲ್ಲಿ ಈ ಹಕ್ಕಿ ಸುಮಾರು ಆರು ವಾರಕ್ಕೆ ಎರಡು ಕಿಲೋ ಮುಟ್ಟುತ್ತದೆ. ನೆಲಕ್ಕೆ ಹಾಸಿದ ಭತ್ತದ ಹೊಟ್ಟಿನ ಮೇಲೆ, ಒಂದು ಹಕ್ಕಿಗೆ ಹೆಚ್ಚುಕಡಿಮೆ ಒಂದು ಚದರ ಅಡಿಯ ಜಾಗದಲ್ಲಿ, ಒಂದೇ ದಿನ ಹುಟ್ಟಿದ, ಒಂದೇ ರಕ್ತದ ಐದು ಸಾವಿರ ಹಕ್ಕಿಗಳು ತಮ್ಮದೇ ಹಿಕ್ಕೆಯ ಮೇಲೆ ಬೆಳೆಯುತ್ತವೆ. ಹಿಕ್ಕೆಯಿಂದೇಳುವ ಅಮೋನಿಯಾ ಅವುಗಳ ಕಣ್ಣಿಗೂ ಶ್ವಾಸನಾಳಕ್ಕೂ ತಾಗುತ್ತದೆ. ಬೇಸಿಗೆಯಲ್ಲಿ ಶೆಡ್ಡಿನ ಪರದೆ ಇಳಿಸಿದರೆ ಉಸಿರು ಕಟ್ಟುತ್ತದೆ, ಎತ್ತಿದರೆ ಬಿಸಿಗಾಳಿ ನುಗ್ಗುತ್ತದೆ. ಇಂಥಲ್ಲಿ ಒಂದು ಹಕ್ಕಿಗೆ ಬಂದ ರೋಗ ಒಂದೇ ಹಕ್ಕಿಗೆ ನಿಲ್ಲುವುದಿಲ್ಲ. ಸರ್ಕಾರಿ ಪಶುವೈದ್ಯನಾಗಿದ್ದ ಕಾಲದಲ್ಲಿ ಬೆಳಿಗ್ಗೆ ನಾಲ್ಕು ಸತ್ತಿದ್ದವು ಎಂದು ಫೋನು ಬಂದ ಶೆಡ್ಡಿಗೆ ಮಧ್ಯಾಹ್ನ ಹೋದರೆ ನಲವತ್ತು ಹಕ್ಕಿಗಳು ಮೂಲೆಯಲ್ಲಿ ರಾಶಿಯಾಗಿದ್ದುದನ್ನು ನಾನೇ ಕಂಡಿದ್ದೇನೆ. ಆಗ ಹಕ್ಕಿಗಳನ್ನು ಬೇರೆಬೇರೆಯಾಗಿ ಪರೀಕ್ಷಿಸುವ ಪ್ರಶ್ನೆಯೇ ಬರುವುದಿಲ್ಲ. ಕುಡಿಯುವ ನೀರಿನ ಟ್ಯಾಂಕಿಗೆ ಔಷಧಿ ಸುರಿದರೆ ಆರೋಗ್ಯವಾಗಿರುವುದೂ ಕುಡಿಯುತ್ತದೆ, ರೋಗ ಬಂದದ್ದೂ ಕುಡಿಯುತ್ತದೆ. ರೋಗ ಬಂದಾಗ ಹೀಗೆ ಮಾಡುವುದನ್ನು ನಾನು ಒಪ್ಪಬಲ್ಲೆ. ಆದರೆ ರೋಗವೇ ಇಲ್ಲದಾಗ, ಮೊದಲ ದಿನದಿಂದಲೇ, ಫೀಡಿನಲ್ಲಿ ಚಿಟಿಕೆಯಷ್ಟು ಆ್ಯಂಟಿಬಯೋಟಿಕ್ ಬೆರೆಸುವ ರೂಢಿಯೊಂದಿದೆಯಲ್ಲ, ಅದು ಬೇರೆಯದೇ ಕಥೆ.

ಆ ಕಥೆಯ ಆರಂಭದಲ್ಲಿ ನಮ್ಮ ನೆರೆಯ ನಾಡಿನವರೊಬ್ಬರು ಇದ್ದಾರೆ. ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದರು. ಅವರ ಕೈಕೆಳಗೆ ಬೆಂಜಮಿನ್ ಡುಗ್ಗರ್ ಎಂಬ ಸಸ್ಯವಿಜ್ಞಾನಿ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಆರಿಯೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ಪಡೆದರು. 1948ರಲ್ಲಿ ಅದು ಹೊರಬಂತು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಅದೇ ಸಂಸ್ಥೆಯಲ್ಲಿದ್ದ ಥಾಮಸ್ ಜ್ಯೂಕ್ಸ್ ಮರಿಗಳಿಗೆ ಬಿ12 ಜೀವಸತ್ವದ ಅಗ್ಗದ ಮೂಲವೊಂದನ್ನು ಹುಡುಕುತ್ತಿದ್ದರು. ಆರಿಯೋಮೈಸಿನ್ ತೆಗೆದ ಮೇಲೆ ಉಳಿಯುತ್ತಿದ್ದ ಗಸಿಯನ್ನು ಅವರು ಮರಿಗಳ ಆಹಾರಕ್ಕೆ ಬೆರೆಸಿ ನೋಡಿದಾಗ ಆ ಮರಿಗಳು ಉಳಿದೆಲ್ಲ ಗುಂಪುಗಳಿಗಿಂತ ಹೆಚ್ಚು ಬೆಳೆದವು. ಬೆಳೆಸಿದ್ದು ಜೀವಸತ್ವವಲ್ಲ, ಗಸಿಯಲ್ಲಿ ಉಳಿದಿದ್ದ ಚೂರುಪಾರು ಔಷಧಿ ಎಂಬುದು ಗೊತ್ತಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. 1951ರ ಹೊತ್ತಿಗೆ ಅಮೆರಿಕದಲ್ಲಿ ಆ್ಯಂಟಿಬಯೋಟಿಕ್‌ಗಳನ್ನು ಪಶು ಆಹಾರದಲ್ಲಿ ಬೆರೆಸಲು ಅಧಿಕೃತ ಒಪ್ಪಿಗೆ ಸಿಕ್ಕಿತ್ತು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅದಕ್ಕೆ ಆರೇ ವರ್ಷ ಮೊದಲು, 1945ರ ಡಿಸೆಂಬರ್‌ನಲ್ಲಿ, ತಮ್ಮ ನೊಬೆಲ್ ಉಪನ್ಯಾಸದಲ್ಲಿ ಒಂದು ಎಚ್ಚರಿಕೆ ಕೊಟ್ಟಿದ್ದರು: ಸೂಕ್ಷ್ಮಾಣುಗಳನ್ನು ಕೊಲ್ಲಲು ಸಾಲದಷ್ಟು ಪ್ರಮಾಣದಲ್ಲಿ ಔಷಧಿ ಕೊಟ್ಟರೆ ಅವು ಅದಕ್ಕೆ ಒಗ್ಗಿಕೊಳ್ಳುತ್ತವೆ. ಕೊಲ್ಲಲು ಸಾಲದಷ್ಟು ಪ್ರಮಾಣ ಎಂಬುದು ಫೀಡಿನಲ್ಲಿ ಬೆರೆಸುವ ಚಿಟಿಕೆ ಔಷಧಿಗೆ ಸರಿಯಾಗಿ ಹೊಂದುವ ವರ್ಣನೆ.

ಇಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಸಂಗತಿಯೊಂದಿದೆ. ಈ ಔಷಧಿಯಿಂದ ಮರಿ ಯಾಕೆ ಬೆಳೆಯುತ್ತದೆ ಎಂಬ ಪ್ರಶ್ನೆಗೆ ಹಲವು ವಿವರಣೆಗಳಿವೆ. ಆದರೆ 1950ರ ದಶಕದಲ್ಲಿಯೇ ಕಂಡುಬಂದ ವಿಷಯವೆಂದರೆ, ಹಳೆಯ, ಕೊಳಕಾದ ಶೆಡ್ಡುಗಳಲ್ಲಿ ಇದರ ಪರಿಣಾಮ ಎದ್ದು ಕಾಣುತ್ತಿತ್ತು. ಹಿಂದೆಂದೂ ಕೋಳಿ ಸಾಕದಿದ್ದ, ಸ್ವಚ್ಛವಾದ ಹೊಸ ಜಾಗದಲ್ಲಿ ಸಾಕಿದಾಗ ಪರಿಣಾಮ ತೀರಾ ಕಡಿಮೆಯಾಗುತ್ತಿತ್ತು, ಕೆಲವೊಮ್ಮೆ ಇರುತ್ತಲೇ ಇರಲಿಲ್ಲ. ಅಂದರೆ ಆ ಔಷಧಿ ಕೋಳಿಯನ್ನು ಬೆಳೆಸುತ್ತಿರಲಿಲ್ಲ, ಶೆಡ್ಡಿನ ಕೊಳಕು ತಡೆಹಿಡಿದಿದ್ದ ಬೆಳವಣಿಗೆಯನ್ನು ಬಿಟ್ಟುಕೊಡುತ್ತಿತ್ತು ಎನ್ನಬೇಕು. ಜಾಗ, ಗಾಳಿ, ಒಣಗಿದ ಹೊಟ್ಟು, ಎರಡು ಬ್ಯಾಚುಗಳ ನಡುವೆ ಶೆಡ್ಡನ್ನು ಖಾಲಿ ಬಿಡುವ ದಿನಗಳು, ಇವೆಲ್ಲಕ್ಕೂ ದುಡ್ಡು ಬೇಕು. ಔಷಧಿ ಅದಕ್ಕಿಂತ ಅಗ್ಗ. ಹೀಗೆ ರೋಗಕ್ಕೆಂದು ಇದ್ದ ವಸ್ತು ಪೊರಕೆಯ ಕೆಲಸಕ್ಕೆ, ಕಿಟಕಿಯ ಕೆಲಸಕ್ಕೆ ನಿಯೋಜಿತವಾಯಿತು.

ಇದರಿಂದ ಶೆಡ್ಡಿನ ಹೊರಗಿನವರಿಗೆ ಏನು? ಇದಕ್ಕೆ ಉತ್ತರ 1976ರಷ್ಟು ಹಿಂದೆಯೇ ಸಿಕ್ಕಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸ್ಟುವರ್ಟ್ ಲೆವಿ ಎಂಬ ವೈದ್ಯ ವಿಜ್ಞಾನಿ ಒಂದು ಕುಟುಂಬದ ಜಮೀನಿನಲ್ಲಿ 300 ಮರಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಟೆಟ್ರಾಸೈಕ್ಲಿನ್ ಬಗೆಯ ಔಷಧಿ ಬೆರೆಸಿದ ಆಹಾರ, ಇನ್ನೊಂದಕ್ಕೆ ಬರೀ ಆಹಾರ ಕೊಡಿಸಿದರು. ಔಷಧಿ ತಿಂದ ಕೋಳಿಗಳ ಕರುಳಿನ ಬ್ಯಾಕ್ಟೀರಿಯಾಗಳು ಕೆಲವೇ ದಿನಗಳಲ್ಲಿ ಆ ಔಷಧಿಗೆ ಜಗ್ಗದಂತಾದವು. ಐದಾರು ತಿಂಗಳು ಕಳೆಯುವಷ್ಟರಲ್ಲಿ ಆ ಮನೆಯ ಜನರ ಕರುಳಿನಲ್ಲಿಯೂ ಅಂಥ ಬ್ಯಾಕ್ಟೀರಿಯಾಗಳು ನೆರೆಹೊರೆಯವರಿಗಿಂತ ಬಹಳ ಹೆಚ್ಚಾಗಿದ್ದವು. ಅವರು ಆ ಔಷಧಿಯನ್ನು ನುಂಗಿರಲಿಲ್ಲ. ಇನ್ನೂ ಕಳವಳದ ಸಂಗತಿಯೆಂದರೆ, ಕೊಟ್ಟದ್ದು ಒಂದೇ ಔಷಧಿಯಾದರೂ ಬ್ಯಾಕ್ಟೀರಿಯಾಗಳು ಬೇರೆ ಹಲವು ಔಷಧಿಗಳನ್ನೂ ತಾಳಿಕೊಳ್ಳುವುದನ್ನು ಕಲಿತಿದ್ದವು. ಔಷಧಿಯನ್ನು ಎದುರಿಸುವ ಗುಣ ಎಷ್ಟೋ ಸಲ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿ ಕುಳಿತಿರುತ್ತದೆ. ಒಂದು ಬ್ಯಾಕ್ಟೀರಿಯಾ ಅದನ್ನು ತನ್ನ ಮಕ್ಕಳಿಗೆ ಮಾತ್ರವಲ್ಲ, ತನ್ನ ಜಾತಿಯದಲ್ಲದ ಪಕ್ಕದ ಬ್ಯಾಕ್ಟೀರಿಯಾಗೂ ದಾಟಿಸಬಲ್ಲದು. ಒಂದೇ ಉಂಗುರದಲ್ಲಿ ನಾಲ್ಕೈದು ಔಷಧಿಗಳ ಎದುರುಮದ್ದು ಇರಬಹುದು.

ಕೊಲಿಸ್ಟಿನ್‌ನ ವಿಷಯ ಇದಕ್ಕಿಂತ ಹತ್ತಿರದ್ದು. ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆಂಬ ಕಾರಣಕ್ಕೆ ವೈದ್ಯರು ಬಹುಕಾಲ ಬದಿಗಿಟ್ಟಿದ್ದ ಹಳೆಯ ಔಷಧಿಯಿದು. ಬೇರೆ ಯಾವುದಕ್ಕೂ ಬಗ್ಗದ ಬ್ಯಾಕ್ಟೀರಿಯಾಗಳು ಆಸ್ಪತ್ರೆಗಳಲ್ಲಿ ಹೆಚ್ಚಾದಾಗ ಐಸಿಯುಗಳಲ್ಲಿ ಕೊನೆಯ ಅಸ್ತ್ರವಾಗಿ ಮತ್ತೆ ಹೊರತೆಗೆದರು. ಅದೇ ಹೊತ್ತಿಗೆ ಅದು ನಮ್ಮ ಕೋಳಿ ಔಷಧಿಯ ಅಂಗಡಿಗಳಲ್ಲಿ ತೂಕ ಹೆಚ್ಚಿಸುವ ಪುಡಿಯಾಗಿ ಮಾರಾಟವಾಗುತ್ತಿತ್ತು. 2015ರ ನವೆಂಬರ್‌ನಲ್ಲಿ ಚೀನಾದ ವಿಜ್ಞಾನಿಗಳು ಹಂದಿಗಳಲ್ಲಿ, ಮಾಂಸದಲ್ಲಿ ಮತ್ತು ಆಸ್ಪತ್ರೆಯ ರೋಗಿಗಳಲ್ಲಿ ಕೊಲಿಸ್ಟಿನ್‌ಗೆ ಜಗ್ಗದ ಗುಣವನ್ನು ಹೊತ್ತ ಎಂಸಿಆರ್-1 ಎಂಬ ಜೀನನ್ನು ಪತ್ತೆಹಚ್ಚಿದರು. ಅದು ಪ್ಲಾಸ್ಮಿಡ್ ಮೇಲೆಯೇ ಕುಳಿತಿತ್ತು. ಚೀನಾ 2017ರಲ್ಲಿ ಪಶು ಆಹಾರದಲ್ಲಿ ತೂಕ ಹೆಚ್ಚಿಸಲು ಕೊಲಿಸ್ಟಿನ್ ಬಳಸುವುದನ್ನು ನಿಲ್ಲಿಸಿತು. ನಮ್ಮ ಕೇಂದ್ರ ಸರ್ಕಾರ 2019ರ ಜುಲೈನಲ್ಲಿ, ಔಷಧಿ ಮತ್ತು ಪ್ರಸಾಧನ ಕಾಯ್ದೆಯ ಅಡಿಯಲ್ಲಿ, ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ತಯಾರಿಕೆ, ಮಾರಾಟ ಮತ್ತು ವಿತರಣೆಯನ್ನು ನಿಷೇಧಿಸಿತು. ಇದು ಒಳ್ಳೆಯ ಹೆಜ್ಜೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ನಿಷೇಧವಾದದ್ದು ಒಂದು ಔಷಧಿ. ಪೊರಕೆಯ ಬದಲು ಔಷಧಿ ಹಿಡಿಯುವ ಲೆಕ್ಕಾಚಾರ ನಿಷೇಧವಾಗಲಿಲ್ಲ.

ನಮ್ಮ ದೇಶದ ಸ್ಥಿತಿಯನ್ನು ತೋರಿಸುವ ಎರಡು ಅಧ್ಯಯನಗಳನ್ನು ಹೇಳುತ್ತೇನೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2014ರಲ್ಲಿ ದೆಹಲಿ ಮತ್ತು ಸುತ್ತಮುತ್ತಲಿನ 70 ಕೋಳಿ ಮಾದರಿಗಳನ್ನು ಪರೀಕ್ಷಿಸಿದಾಗ ಶೇ. 40ರಷ್ಟರಲ್ಲಿ ಆ್ಯಂಟಿಬಯೋಟಿಕ್ ಉಳಿಕೆ ಸಿಕ್ಕಿತು. ಇನ್ನೊಂದು ಪಂಜಾಬಿನ 18 ಕೋಳಿ ಫಾರಂಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದದ್ದು: ಹಲವು ಮುಖ್ಯ ಔಷಧಿಗಳನ್ನು ಒಡೆದುಹಾಕುವ ಇಎಸ್‌ಬಿಎಲ್ ಎಂಬ ಕಿಣ್ವ ತಯಾರಿಸುವ ಬ್ಯಾಕ್ಟೀರಿಯಾ ಬ್ರಾಯ್ಲರ್ ಕೋಳಿಗಳಲ್ಲಿ ಶೇ. 87ರಷ್ಟು, ಮೊಟ್ಟೆ ಕೋಳಿಗಳಲ್ಲಿ ಶೇ. 42ರಷ್ಟು ಇತ್ತು. ಮೊದಲನೆಯದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು, ಎರಡನೆಯದು ಅಷ್ಟಾಗಲಿಲ್ಲ. ನನ್ನ ದೃಷ್ಟಿಯಲ್ಲಿ ಎರಡನೆಯದೇ ಹೆಚ್ಚು ಗಂಭೀರ. ಮಾಂಸದಲ್ಲಿ ಉಳಿದ ಔಷಧಿ ತಿಂದವರಿಗೆ ಮಾತ್ರ ಸಂಬಂಧಿಸಿದ್ದು. ಕೊಯ್ಯುವ ಮುನ್ನ ನಿಗದಿತ ದಿನ ಔಷಧಿ ನಿಲ್ಲಿಸಿದರೆ ಅದು ಹೋಗುತ್ತದೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಹಾಗಲ್ಲ. ಚೆನ್ನಾಗಿ ಬೇಯಿಸಿದರೆ ಮಾಂಸದಲ್ಲಿರುವುದು ಸಾಯುತ್ತದೆ ನಿಜ, ಆದರೆ ಅದು ಮಾಂಸ ಬೇಯುವ ಮೊದಲೇ ಶೆಡ್ಡಿನ ಕೆಲಸಗಾರನ ಕೈಗೆ, ಅಂಗಡಿಯ ಮರದ ದಿಮ್ಮಿಗೆ, ನಮ್ಮ ಅಡುಗೆಮನೆಯ ಸಿಂಕಿಗೆ, ಅದೇ ಚಾಕುವಿನಲ್ಲಿ ಹೆಚ್ಚಿದ ಸೌತೆಕಾಯಿಗೆ ಅಂಟಿರುತ್ತದೆ. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು ರಭಸವಾಗಿ ತೊಳೆಯುವ ನಮ್ಮ ಅಭ್ಯಾಸ ಅದನ್ನು ಅಡುಗೆಮನೆಯ ತುಂಬ ಸಿಡಿಸುತ್ತದೆ. ಸಸ್ಯಾಹಾರಿಗಳಿಗೂ ಇದರಿಂದ ವಿನಾಯಿತಿಯಿಲ್ಲ.

‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 2022ರಲ್ಲಿ ಬಂದ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ 12.7 ಲಕ್ಷ ಜನರ ಸಾವಿಗೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ನೇರ ಕಾರಣ. ಇಷ್ಟನ್ನೂ ಕೋಳಿಯ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ನೆಗಡಿಗೂ ಆ್ಯಂಟಿಬಯೋಟಿಕ್ ಬರೆಯುವ ಡಾಕ್ಟರು, ಚೀಟಿಯಿಲ್ಲದೆ ಕೊಡುವ ಮೆಡಿಕಲ್ ಶಾಪು, ಎರಡು ದಿನ ನುಂಗಿ ಜ್ವರ ಬಿಟ್ಟೊಡನೆ ಉಳಿದ ಮಾತ್ರೆಯನ್ನು ಕಪಾಟಿಗೆ ಸೇರಿಸುವ ನಾವು, ಎಲ್ಲರೂ ಇದರಲ್ಲಿ ಪಾಲುದಾರರು. ಆದರೆ ಜಗತ್ತಿನಲ್ಲಿ ಮಾರಾಟವಾಗುವ ಇಂಥ ಔಷಧಿಗಳಲ್ಲಿ ಸುಮಾರು ಶೇ. 73ರಷ್ಟು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಹೋಗುತ್ತದೆ ಎಂಬ ಅಂದಾಜು ಇರುವಾಗ, ಮನುಷ್ಯರಿಗಷ್ಟೇ ಬುದ್ಧಿ ಹೇಳಿ ಸುಮ್ಮನಾಗುವುದೂ ಸರಿಯಲ್ಲ.

ಇನ್ನು ಪರಿಸರ. ತಿಂದ ಆ್ಯಂಟಿಬಯೋಟಿಕ್‌ನ ಗಣನೀಯ ಪಾಲು ಕೋಳಿಯ ಹೊಟ್ಟೆಯಲ್ಲಿ ಕರಗದೆ ಹಿಕ್ಕೆಯಲ್ಲಿ ಹೊರಬರುತ್ತದೆ. ಹಿಕ್ಕೆಯೂ ಹೊಟ್ಟೂ ಸೇರಿದ ಕೋಳಿ ಗೊಬ್ಬರಕ್ಕೆ ಅಡಿಕೆ ತೋಟಗಳಲ್ಲಿ, ಶುಂಠಿ ಮತ್ತು ತರಕಾರಿ ಹೊಲಗಳಲ್ಲಿ ಭಾರಿ ಬೇಡಿಕೆಯಿದೆ. ಸಾರಜನಕ ತುಂಬಿದ ಉತ್ತಮ ಗೊಬ್ಬರವದು, ಅದನ್ನು ದೂರುವುದಿಲ್ಲ. ಆದರೆ ಶೆಡ್ಡಿನಿಂದ ತೆಗೆದದ್ದನ್ನು ಕೊಳೆಸದೆ ಹಸಿಹಸಿಯಾಗಿಯೇ ಬುಡಕ್ಕೆ ಸುರಿದರೆ ಊರೆಲ್ಲ ನೊಣವಾಗುತ್ತದೆ, ಹೆಚ್ಚಾದ ಸಾರಜನಕ ನೈಟ್ರೇಟ್ ಆಗಿ ಬೋರ್‌ವೆಲ್ಲಿಗೆ ಇಳಿಯುತ್ತದೆ, ಔಷಧಿಯೂ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾವೂ ಮಣ್ಣು ಸೇರುತ್ತವೆ. ತಿಪ್ಪೆಯಲ್ಲಿ ಸರಿಯಾಗಿ ಬಿಸಿಯೇರಿ ಕೊಳೆತ ಗೊಬ್ಬರದಲ್ಲಿ ಇವೆಲ್ಲ ಬಹುಮಟ್ಟಿಗೆ ತಗ್ಗುತ್ತವೆ. ಪ್ರಾಣಿಗೆ ಕೊಟ್ಟ ಔಷಧಿ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳನ್ನು ನೆನೆದರೆ ಸಾಕು. ದನಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫಿನಾಕ್, ಸತ್ತ ದನದ ಮಾಂಸದ ಮೂಲಕ ಈ ದೇಶದ ರಣಹದ್ದುಗಳನ್ನು ಹೆಚ್ಚುಕಡಿಮೆ ಮುಗಿಸಿಬಿಟ್ಟಿತು. 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದು ನಿಷೇಧವಾಗುವ ಹೊತ್ತಿಗೆ ತಡವಾಗಿತ್ತು. ಆ ಔಷಧಿಯ ಚೀಟಿ ಬರೆದವರಲ್ಲಿ ನಾನೂ ಒಬ್ಬ.

ಶೆಡ್ಡಿನ ನೆರಳು ಮೆಕ್ಕೆಜೋಳದ ಹೊಲದವರೆಗೂ ಚಾಚಿದೆ. ಸಾವಿರಾರು ಎಕರೆ ಒಂದೇ ಬೆಳೆಯಾದಾಗ ಅದನ್ನು ತಿನ್ನುವ ಹುಳುವಿಗೂ ಅಷ್ಟೇ ದೊಡ್ಡ ಊಟದೆಲೆ ಹಾಸಿದಂತಾಗುತ್ತದೆ. ಅಮೆರಿಕ ಖಂಡದಿಂದ ಆಫ್ರಿಕಾದವರೆಗೆ ಹಬ್ಬಿದ್ದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಾಣಿಸಿಕೊಂಡದ್ದು ನಿಮ್ಮ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ, 2018ರ ಮೇ ತಿಂಗಳಲ್ಲಿ. ಅಲ್ಲಿಂದೀಚೆಗೆ ಸುಳಿಗೆ ಔಷಧಿ ಹೊಡೆಯದೆ ಮೆಕ್ಕೆಜೋಳ ಬೆಳೆಯುವುದು ಎಷ್ಟು ಕಷ್ಟವಾಗಿದೆ ಎಂಬುದನ್ನು ಇಲ್ಲಿ ಕುಳಿತಿರುವ ರೈತರು ನನಗಿಂತ ಚೆನ್ನಾಗಿ ಹೇಳಬಲ್ಲರು.

ಹಾಗಾದರೆ ಕೋಳಿ ಸಾಕುವವರ ತಪ್ಪೇ ಇದೆಲ್ಲ? ಅಲ್ಲ ಎಂದು ನಾನು ಖಚಿತವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಬ್ರಾಯ್ಲರ್ ಸಾಕಣೆಯ ಬಹುಪಾಲು ನಡೆಯುವುದು ಕರಾರಿನ ಮೇಲೆ. ಶೆಡ್ಡು, ವಿದ್ಯುತ್ತು, ನೀರು, ದುಡಿಮೆ ರೈತನದು. ಮರಿ, ಫೀಡು, ಔಷಧಿ ಕಂಪನಿಯದು. ವಾರಕ್ಕೊಮ್ಮೆ ಸೂಪರ್‌ವೈಸರ್ ಬಂದು ಏನು ಕೊಡಬೇಕೆಂದು ಹೇಳಿ ಹೋಗುತ್ತಾನೆ. ಹಕ್ಕಿಗಳನ್ನು ಎತ್ತಿದ ದಿನ ತೂಕ ಮಾಡಿ, ಒಂದು ಕಿಲೋ ತೂಕಕ್ಕೆ ಎಷ್ಟು ಫೀಡು ಖರ್ಚಾಯಿತು, ಎಷ್ಟು ಸತ್ತವು ಎಂದು ಲೆಕ್ಕ ಹಾಕಿ ಕಿಲೋಗೆ ಇಷ್ಟೆಂದು ಸಾಕಾಣಿಕೆ ಕೂಲಿ ಕೊಡುತ್ತಾರೆ. ಫೀಡಿನ ಚೀಲದಲ್ಲಿ ಏನೇನು ಬೆರೆತಿದೆ ಎಂಬುದು ಎಷ್ಟೋ ಸಲ ರೈತನಿಗೆ ತಿಳಿದೇ ಇರುವುದಿಲ್ಲ. ತಿಳಿದವನೂ ಬೇಡ ಎನ್ನುವ ಸ್ಥಿತಿಯಲ್ಲಿಲ್ಲ, ಏಕೆಂದರೆ ಒಂದು ಬ್ಯಾಚಿನಲ್ಲಿ ಸಾವು ಹೆಚ್ಚಾದರೆ ಕೂಲಿಗೆ ಕತ್ತರಿ ಬೀಳುತ್ತದೆ, ಮುಂದಿನ ಬ್ಯಾಚಿನ ಮರಿ ತಡವಾಗುತ್ತದೆ, ಶೆಡ್ಡಿನ ಮೇಲಿನ ಬ್ಯಾಂಕ್ ಸಾಲ ಮಾತ್ರ ತಡವಾಗುವುದಿಲ್ಲ. ‘ನಾಟಿ ಕೋಳಿ’ ಎಂದು ಹೆಚ್ಚಿನ ದರಕ್ಕೆ ಮಾರುವುದರಲ್ಲಿಯೂ ಎಷ್ಟೋ ಪಾಲು ಇಂಥದೇ ಶೆಡ್ಡುಗಳಲ್ಲಿ ಬೆಳೆದದ್ದು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಬೇರೆ ದಾರಿ ಸಾಧ್ಯ ಎಂಬುದನ್ನು ಕೆಲವು ದೇಶಗಳು ತೋರಿಸಿವೆ. ಸ್ವೀಡನ್ 1986ರಲ್ಲಿಯೇ ತೂಕಕ್ಕಾಗಿ ಆ್ಯಂಟಿಬಯೋಟಿಕ್ ಕೊಡುವುದನ್ನು ನಿಲ್ಲಿಸಿತು. ಯುರೋಪಿನ ಒಕ್ಕೂಟ 2006ರ ಜನವರಿಯಲ್ಲಿ ಪೂರ್ತಿ ನಿಲ್ಲಿಸಿತು. ಡೆನ್ಮಾರ್ಕಿನ ಅನುಭವ ಎಲ್ಲಕ್ಕಿಂತ ಚೆನ್ನಾಗಿ ದಾಖಲಾಗಿದೆ. ಅಲ್ಲಿ 1995ರಲ್ಲಿ ಆವೊಪಾರ್ಸಿನ್ ಎಂಬ ಔಷಧಿಯನ್ನು ನಿಷೇಧಿಸಿದಾಗ, ಬ್ರಾಯ್ಲರ್ ಕೋಳಿಯ ಒಂದು ಜಾತಿಯ ಬ್ಯಾಕ್ಟೀರಿಯಾಗಳಲ್ಲಿ ಶೇ. 72.7ರಷ್ಟು ಅದಕ್ಕೆ ಸಂಬಂಧಿಸಿದ ಔಷಧಿಗೆ ಬಗ್ಗದವಾಗಿದ್ದವು. 2000ದಲ್ಲಿ ಆ ಪ್ರಮಾಣ ಶೇ. 5.8ಕ್ಕೆ ಇಳಿದಿತ್ತು. ಉದ್ಯಮ ಮುಳುಗುತ್ತದೆ ಎಂಬ ಭಯ ಅಲ್ಲಿಯೂ ಇತ್ತು. ಆದರೆ ತೂಕಕ್ಕಾಗಿ ಆ್ಯಂಟಿಬಯೋಟಿಕ್ ಕೊಡುವುದನ್ನು ಪೂರ್ತಿ ನಿಲ್ಲಿಸಿದ ಮೇಲೂ ಕೋಳಿಗಳ ಸಾವು ಹೆಚ್ಚಲಿಲ್ಲ. ಒಂದು ಕಿಲೋ ತೂಕ ಬರಲು ಬೇಕಾದ ಆಹಾರ ಮಾತ್ರ ಸುಮಾರು 16 ಗ್ರಾಂನಷ್ಟು ಹೆಚ್ಚಾಯಿತು.

ಆ 16 ಗ್ರಾಮನ್ನು ನಮ್ಮ ಲೆಕ್ಕಕ್ಕೆ ತಿರುಗಿಸೋಣ. ಡೆನ್ಮಾರ್ಕಿನ ಶೆಡ್ಡು ನಮ್ಮ ಶೆಡ್ಡಲ್ಲ, ಆದ್ದರಿಂದ ಇದು ಬರೀ ಗುಣಾಕಾರ. ಎರಡು ಕಿಲೋ ತೂಗುವ ಐದು ಸಾವಿರ ಹಕ್ಕಿಗಳೆಂದರೆ ಹತ್ತು ಸಾವಿರ ಕಿಲೋ. ಅದಕ್ಕೆ ಹೆಚ್ಚುವರಿ ಫೀಡು 160 ಕಿಲೋ. ಫೀಡಿಗೆ ಕಿಲೋಗೆ 40 ರೂಪಾಯಿ ಹಿಡಿದರೆ ಒಂದು ಬ್ಯಾಚಿಗೆ 6,400 ರೂಪಾಯಿ, ಅಂದರೆ ಕೋಳಿಯ ಒಂದು ಕಿಲೋಗೆ 64 ಪೈಸೆ. ಕೊಳ್ಳದೆ ಬಿಟ್ಟ ಔಷಧಿಯ ದುಡ್ಡು ಇದರಲ್ಲಿ ಕಳೆಯಬೇಕು.

ಇಷ್ಟು ಹೇಳಿ ಮುಗಿಸಿದ ಮೇಲೆ ಪ್ರಶ್ನೋತ್ತರದಲ್ಲಿ ಹಿಂದಿನ ಸಾಲಿನಿಂದ ಎದ್ದುನಿಂತ ಕೋಳಿ ಸಾಕಣೆದಾರರೊಬ್ಬರು, “ಆ 64 ಪೈಸೆ ಯಾರ ಲೆಕ್ಕಕ್ಕೆ ಬರೀತಾರ್ರೀ ಸರ್?” ಎಂದು ಕೇಳಿದರು. ಈಗಿರುವ ಕರಾರಿನಂತೆ ಫೀಡು ಹೆಚ್ಚು ಖರ್ಚಾದರೆ ಕಡಿತವಾಗುವುದು ನಿಮ್ಮ ಕೂಲಿಯಲ್ಲಿಯೇ, ಆದ್ದರಿಂದ ಸದ್ಯಕ್ಕೆ ನಿಮ್ಮ ಲೆಕ್ಕಕ್ಕೇ ಎಂದು ನಾನು ಒಪ್ಪಿಕೊಂಡೆ. ಕರಾರಿನ ಪತ್ರ ಕೈಯಲ್ಲಿದೆಯೇ ಎಂದು ಕೇಳಿದಾಗ, ಸಹಿ ಮಾಡಿದ ದಿನ ನೋಡಿದ್ದು, ಪ್ರತಿ ಕೊಟ್ಟಿಲ್ಲ ಎಂದರು.